ಯೋಗ ಮತ್ತು ಕ್ಷೇಮ

ನಮ್ಮ ಹಿರಿಯರು ಕಾಗದ ಬರೆಯುವಾಗ, "ಇಲ್ಲಿ ನಾವೆಲ್ಲರೂ ಕ್ಷೇಮ, ತಮ್ಮ ಕ್ಷೇಮಸಮಾಚಾರಕ್ಕೆ ಆಗಾಗ್ಗೆ ಬರೆಯುತ್ತಿರಬೇಕು" ಎಂದು ಮೊದಲು ಮಾಡುವ ವಾಡಿಕೆಯಿತ್ತು. ಹೊಸದಾಗಿ ಕೊಂಡ ಗದ್ದೆ, ಕೂಡಿಬಂದ ಸಂಬಂಧ, ಮಗನಿಗೆ ದೊರೆತ ಕೆಲಸ, ಇವೆಲ್ಲವೂ ಮುಂದಿನ ಸಾಲುಗಳಿಗೆ ಸೇರಿದ ವರ್ತಮಾನ. ಇದ್ದದ್ದು ಇದ್ದ ಹಾಗೆಯೇ ಉಳಿದಿದೆಯೆಂಬುದು ಮೊದಲನೆಯ ವರ್ತಮಾನ. ಈ ಕ್ರಮದಲ್ಲಿ ಒಂದು ವಿವೇಕವು ಅಡಗಿದೆಯೆಂದು ತೋರುತ್ತದೆ. ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಬರುವ 'ಯೋಗಕ್ಷೇಮ'ವೆಂಬ ಜೋಡುಮಾತನ್ನು ವಿವರಿಸುತ್ತ ಶ್ರೀ ಶಂಕರಾಚಾರ್ಯರು, ಇಲ್ಲದುದನ್ನು ದೊರಕಿಸುವುದು ಯೋಗವೆಂದೂ ದೊರೆತುದನ್ನು ಕಾಪಾಡುವುದು ಕ್ಷೇಮವೆಂದೂ ಬೇರ್ಪಡಿಸಿ ತಿಳಿಸಿದ್ದಾರೆ. ಮನುಷ್ಯನು ಮನುಷ್ಯನಿಗೆ ಮಾಡಬಹುದಾದ ಉಪಕಾರಗಳೆಲ್ಲವೂ ಈ ಎರಡರಲ್ಲಿ ಒಂದಕ್ಕೆ ಸೇರತಕ್ಕವು.

ಇವೆರಡರಲ್ಲಿ ಹೆಚ್ಚಿನದು ಯಾವುದೆಂಬುದು ಈ ಲೇಖನದ ವಿಚಾರ. ಲೋಕವು ಇದಕ್ಕೆ ಉತ್ತರವನ್ನು ಆಗಲೇ ಕೊಟ್ಟುಬಿಟ್ಟಿದೆ. ಕೊಟ್ಟವನನ್ನು ಲೋಕವು ಹೊಗಳುತ್ತದೆ, ಕಾಯ್ದವನನ್ನು ಮರೆಯುತ್ತದೆ. ಈ ಮರೆವು ಬರಿಯ ಕೃತಘ್ನತೆಯಾಗಿದ್ದರೆ ಅದನ್ನು ಕುರಿತು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಿರಬಹುದಾಗಿತ್ತು. ಆದರೆ ಅದರಿಂದ ಕಣ್ಣುಗಳು ಹೋಗುತ್ತವೆ. ಇದು ಅಲಂಕಾರದ ಮಾತಲ್ಲ. ಕಣ್ಣಿನ ಒಳಪೊರೆಗೆ ತಗಲುವ ವೈರಸ್ ರೋಗಗಳನ್ನೂ ಅವುಗಳಿಗೆ ಈಗ ದೊರೆಯುವ ಔಷಧಗಳನ್ನೂ ಉದಾಹರಣೆಯಾಗಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸೋಣ.

ಕಣ್ಣಿನ ಹಿಂಬದಿಯ ಒಳಗೋಡೆಗೆ ಹಾಸಿದಂತೆ, ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಒಂದು ಪೊರೆಯಿದೆ. ಡಾಕ್ಟರರು ಇದನ್ನು ರೆಟಿನಾ ಎನ್ನುತ್ತಾರೆ. ಕನ್ನಡದಲ್ಲಿ ಅಕ್ಷಿಪಟವೆಂದು ಕರೆಯಬಹುದು. ಹೊರಗಿನ ಬೆಳಕು ಚಿತ್ರವಾಗಿ ಬೀಳುವುದು ಇದರ ಮೇಲೆ. ಹುಟ್ಟಿನಿಂದ ನೋಡಿದರೆ ಇದು ಮಿದುಳಿನದೇ ಒಂದು ಕವಲು. ನರತಂತುಗಳಿಂದ ನೆಯ್ದ ಬಟ್ಟೆ. ಕೈಯ ಚರ್ಮವು ಸುಲಿದರೆ ಮತ್ತೆ ಬೆಳೆಯುತ್ತದೆ, ಮುರಿದ ಮೂಳೆಯು ಕೂಡಿಕೊಳ್ಳುತ್ತದೆ. ಅಕ್ಷಿಪಟದ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದಲ್ಲದೆ ಇನ್ನೊಂದು ವಿಶೇಷವುಂಟು. ಈ ಪೊರೆಗೆ ನೋವು ತಿಳಿಯುವುದಿಲ್ಲ. ಅದು ಸುಟ್ಟುಹೋಗುತ್ತಿದ್ದರೂ ಅಳುವುದಿಲ್ಲ. ರೆಪ್ಪೆಯೊಳಗೆ ಒಂದು ಧೂಳಿನ ಕಣ ಬಿದ್ದರೆ ಮನೆಯವರನ್ನೆಲ್ಲ ಕೂಗುವ ಮನುಷ್ಯನು, ಅಕ್ಷಿಪಟದ ಅಂಚು ಕೊಳೆಯುತ್ತಿರುವಾಗ ಏನೂ ಅರಿಯದೆ ಹೊಲಕ್ಕೆ ಹೋಗಿ ಬರುತ್ತಿರಬಹುದು.

ಈ ಪೊರೆಯನ್ನು ಕೆಡಿಸುವ ವೈರಸ್ಸುಗಳಲ್ಲಿ ಮುಖ್ಯವಾದವು ಹರ್ಪಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ತುಟಿಯ ಮೇಲೆ ಜ್ವರದ ಗುಳ್ಳೆಯೆಬ್ಬಿಸುವುದು ಒಂದು. ಮಕ್ಕಳಿಗೆ ಮನೆಗಳಲ್ಲಿ 'ಅಮ್ಮ' ಬಂದಿದೆಯೆನ್ನುವ ಸೀತಾಳೆ ಸಿಡುಬನ್ನೂ, ಅದೇ ಮೈಯಲ್ಲಿ ಎಷ್ಟೋ ವರ್ಷಗಳ ಮೇಲೆ ಸರ್ಪಸುತ್ತನ್ನೂ ಉಂಟುಮಾಡುವುದು ಇನ್ನೊಂದು. ಬಹುಮಂದಿಯ ಮೈಯಲ್ಲಿ ಸದ್ದಿಲ್ಲದೆ ಮಲಗಿರುವ ಸೈಟೊಮೆಗಾಲೊ ವೈರಸ್ ಮೂರನೆಯದು. ಮೊದಲಿನ ಎರಡು, ಅಪರೂಪವಾಗಿ, ಗಟ್ಟಿಮುಟ್ಟಾದವರ ಕಣ್ಣಿನಲ್ಲಿಯೂ ಥಟ್ಟನೆ ಎದ್ದು ಕೆಲವೇ ದಿನಗಳಲ್ಲಿ ಅಕ್ಷಿಪಟವನ್ನು ಸುತ್ತಲಿನಿಂದ ಕೊಳೆಯಿಸಿಕೊಂಡು ಬರುತ್ತವೆ. ಜಪಾನಿನ ವೈದ್ಯರಾದ ಉರಯಾಮ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಈ ಉಗ್ರರೋಗವನ್ನು ಮೊದಲು ವರ್ಣಿಸಿದರು. ಮೂರನೆಯದು ದೇಹದ ರಕ್ಷಣಶಕ್ತಿಯು ಕುಂದಿದವರಲ್ಲಿ, ಮುಖ್ಯವಾಗಿ ಏಡ್ಸ್ ರೋಗಿಗಳಲ್ಲಿ, ಬೇರೊಬ್ಬರ ಮೂತ್ರಪಿಂಡವನ್ನೋ ಅಸ್ಥಿಮಜ್ಜೆಯನ್ನೋ ಪಡೆದವರಲ್ಲಿ, ಮೆಲ್ಲಮೆಲ್ಲನೆ, ಹುಲ್ಲುಗಾವಲಿಗೆ ತಗಲಿದ ಬೆಂಕಿಯ ಅಂಚಿನಂತೆ ಹರಡುತ್ತದೆ.

೧೯೭೦ರ ದಶಕದವರೆಗೆ ವೈದ್ಯರಲ್ಲಿ ಇದಕ್ಕೆ ಹೇಳಿಕೊಳ್ಳುವಂತಹ ಮದ್ದಿರಲಿಲ್ಲ. ವೈರಸ್ಸು ನಮ್ಮ ಕಣಗಳ ಒಳಹೊಕ್ಕು ನಮ್ಮ ಯಂತ್ರದಿಂದಲೇ ತನ್ನ ಸಂತಾನವನ್ನು ಬೆಳೆಸಿಕೊಳ್ಳುವುದರಿಂದ, ಅದನ್ನು ಹೊಡೆದರೆ ನಮಗೂ ಪೆಟ್ಟು ಬೀಳುತ್ತದೆಂಬುದೇ ಎಲ್ಲರ ಭಯವಾಗಿತ್ತು. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯೂ ಆಕೆಯ ಸಂಗಡಿಗರೂ ೧೯೭೭ರಲ್ಲಿ ಪ್ರಕಟಪಡಿಸಿದ ಅಸೈಕ್ಲೊವಿರ್ ಎಂಬ ಔಷಧವು ಈ ಭಯವನ್ನು ಬಿಡಿಸಿತು. ಅದರ ಉಪಾಯವು ಕೇಳುವುದಕ್ಕೆ ಸ್ವಾರಸ್ಯವಾಗಿದೆ. ಔಷಧವು ಮೈಯೆಲ್ಲ ಸಂಚರಿಸಿದರೂ ಆರೋಗ್ಯವಾದ ಕಣಗಳಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತದೆ. ವೈರಸ್ಸಿನದೇ ಆದ ಒಂದು ಕಿಣ್ವವು ತಗಲಿದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಅನಂತರ, ವೈರಸ್ಸು ಮಣಿಗೆ ಮಣಿ ಪೋಣಿಸಿ ತನ್ನ ವಂಶಸೂತ್ರವನ್ನು ಮಾಡಿಕೊಳ್ಳುತ್ತಿರುವಾಗ, ಮುಂದಿನ ಮಣಿಗೆ ಕೊಂಡಿಯೇ ಇಲ್ಲದ ಸುಳ್ಳುಮಣಿಯಾಗಿ ನಡುವೆ ಸೇರಿಕೊಂಡು ಆ ಸರವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಎಲಿಯನ್ನರಿಗೆ ೧೯೮೮ರಲ್ಲಿ, ಇತರ ಇಬ್ಬರೊಡನೆ, ನೊಬೆಲ್ ಬಹುಮಾನವು ಸಂದಿತು. ಸೈಟೊಮೆಗಾಲೊ ವೈರಸ್ಸಿಗೆ ತಕ್ಕದಾದ ಗ್ಯಾನ್ಸಿಕ್ಲೊವಿರ್ ೧೯೮೯ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇದನ್ನು ರಕ್ತನಾಳದ ಮೂಲಕವೂ, ನೇರವಾಗಿ ಕಣ್ಣಿನೊಳಕ್ಕೆ ಸೂಜಿಯಿಂದಲೂ ಕೊಡುವರು. ಇದರದೇ ಒಂದು ರೂಪವಾಗಿ ನುಂಗಲು ಬರುವ ವ್ಯಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಯು ೨೦೦೧ರಿಂದ ದೊರೆಯತೊಡಗಿತು.

ಈ ಔಷಧಗಳು ಮಾಡದ ಕೆಲಸವನ್ನೂ ಇಲ್ಲಿಯೇ ಹೇಳಿಬಿಡಬೇಕು. ಅವು ಮೈಯಲ್ಲಿ ಮಲಗಿರುವ ವೈರಸ್ಸನ್ನು ನಿರ್ಮೂಲ ಮಾಡವು. ಎದ್ದು ಬೆಳೆಯುತ್ತಿರುವುದನ್ನು ತಡೆಯುವುವು, ಅಷ್ಟೇ. ಸತ್ತ ಅಕ್ಷಿಪಟವನ್ನು ಅವು ಬದುಕಿಸವು. ಚಿಕಿತ್ಸೆಯು ಪೂರ್ಣವಾಗಿ ಸಫಲವಾದಾಗಲೂ ಹೋದ ಭಾಗವು ಹೋದಂತೆಯೇ. ಉಳಿದ ಭಾಗವು ಉಳಿಯಿತೆಂಬುದೇ ಫಲ. ಎಂದರೆ, ಇವು ಯೋಗದ ಔಷಧಗಳಲ್ಲ, ಶುದ್ಧವಾದ ಕ್ಷೇಮದ ಔಷಧಗಳು.

ಈ ಭೇದವು ನಮ್ಮ ಜಿಲ್ಲೆಯ ರೈತರಿಗೆ ಹೊಸದೇನೂ ಅಲ್ಲ. ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಹಾಕಿದವನು, ಮೋಡ ಕವಿದು ಜಿಟಿಮಳೆ ಹಿಡಿದಾಗ ಅಂಗಮಾರಿ ರೋಗಕ್ಕೆ ಹೆದರಿ ಔಷಧ ಹೊಡೆಯುತ್ತಾನೆ. ಕಪ್ಪಾಗಿ ಸುಟ್ಟ ಎಲೆಯು ಅದರಿಂದ ಹಸಿರಾಗುವುದೆಂದು ಅವನು ಎಣಿಸುವುದಿಲ್ಲ. ಇನ್ನೂ ಹಸಿರಾಗಿರುವ ಎಲೆಗಾಗಿ ಅವನು ಹೊಡೆಯುವುದು. "ಸುಟ್ಟ ಎಲೆ ಹಸಿರಾಗಲಿಲ್ಲ, ಔಷಧ ಸುಳ್ಳು" ಎಂದು ಯಾವ ರೈತನೂ ಹೇಳಲಾರನು. ಆದರೆ ಅದೇ ರೈತನು ತನ್ನ ಕಣ್ಣಿನ ವಿಷಯದಲ್ಲಿ ಹಾಗೆಂದೇ ಹೇಳುವ ಸಂಭವವುಂಟು. ಅದೇಕೆಂಬುದನ್ನು ನೋಡೋಣ.

ಅರಕಲಗೂಡಿನ ಕಡೆಯ ಒಬ್ಬ ಬೇಸಾಯಗಾರನನ್ನು ಭಾವಿಸಿಕೊಳ್ಳೋಣ. ಬಲಗಣ್ಣು ಸ್ವಲ್ಪ ಕೆಂಪಾಯಿತು, ನೋವು ಅಷ್ಟಾಗಿ ಇಲ್ಲ, ಕಣ್ಣಮುಂದೆ ನೊಣಗಳು ಹಾರಿದಂತೆ ಕಂಡವು, ಬರಬರುತ್ತ ಮಸುಕಾಯಿತು. ಬಿತ್ತನೆಯ ಕಾಲವಾದ್ದರಿಂದ ಹತ್ತು ದಿನ ತಡೆದನು. ಅಂಗಡಿಯಿಂದ ತಂದ ಹನಿಯನ್ನು ಹಾಕಿಕೊಂಡನು. ಕೊನೆಗೆ ಸುಮಾರು ೩೦ ಕಿಲೋಮೀಟರು ದೂರದ ಹಾಸನಕ್ಕೂ, ಅಲ್ಲಿಂದ ಸುಮಾರು ೧೮೦ ಕಿಲೋಮೀಟರು ದೂರದ ಬೆಂಗಳೂರಿಗೂ ಹೋದನು. ಅಷ್ಟು ಹೊತ್ತಿಗೆ ಆ ಕಣ್ಣಿನ ಬಹುಭಾಗವು ಕೆಟ್ಟಿತ್ತು. ವೈದ್ಯರು ಅವನನ್ನು ಆಸ್ಪತ್ರೆಯಲ್ಲಿರಿಸಿಕೊಂಡು ಒಂದು ವಾರ ಅಥವಾ ಹತ್ತು ದಿನ ರಕ್ತನಾಳದ ಮೂಲಕ ಅಸೈಕ್ಲೊವಿರ್ ಕೊಟ್ಟು, ಮುಂದೆ ಸುಮಾರು ಮೂರು ತಿಂಗಳ ಕಾಲ ದಿನವೂ ಮಾತ್ರೆ ನುಂಗಬೇಕೆಂದೂ ನಡುನಡುವೆ ಬಂದು ಕಣ್ಣನ್ನೂ ಮೂತ್ರಪಿಂಡದ ಸ್ಥಿತಿಯನ್ನೂ ತೋರಿಸಬೇಕೆಂದೂ ವಿಧಿಸಿದರು. ಒಂದು ತಿಂಗಳಾಯಿತು. ಕಣ್ಣು ಹೋದದ್ದು ಹೋದಂತೆಯೇ ಇದೆ. ಬಸ್ಸಿನ ಖರ್ಚು, ಸಂಗಡ ಬರುವ ಮಗನ ಒಂದು ದಿನದ ಕೂಲಿ, ಮಾತ್ರೆಯ ಬೆಲೆ, ಇವೆಲ್ಲವನ್ನೂ ಲೆಕ್ಕಹಾಕಿ, "ಕಣ್ಣು ಬರಲಿಲ್ಲವಲ್ಲ ಸ್ವಾಮಿ, ಇನ್ನು ಮಾತ್ರೆ ಯಾತಕ್ಕೆ?" ಎಂದು ಅವನು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಆ ಪ್ರಶ್ನೆಗೆ ಉತ್ತರವು ಅವನ ಎಡಗಣ್ಣಿನಲ್ಲಿದೆ. ಈ ರೋಗದ ಸ್ವಭಾವವೇನೆಂದರೆ, ಒಂದು ಕಣ್ಣನ್ನು ಕೆಡಿಸಿದ ಮೇಲೆ, ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ, ಅದು ಎರಡನೆಯ ಕಣ್ಣಿಗೂ ದಾಟಬಹುದು. ಅಮೆರಿಕದಲ್ಲಿ ೧೯೯೧ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಮೊದಲು ಒಂದೇ ಕಣ್ಣಿಗೆ ರೋಗ ತಗಲಿದ್ದ ೫೪ ಮಂದಿಯ ಚರಿತ್ರೆಯನ್ನು ಕಲೆಹಾಕಿದ್ದರು. ಇವರಲ್ಲಿ ೩೧ ಮಂದಿ ಅಸೈಕ್ಲೊವಿರ್ ಪಡೆದಿದ್ದರು, ೨೩ ಮಂದಿ ಪಡೆದಿರಲಿಲ್ಲ. ಎರಡು ವರ್ಷಗಳ ಕೊನೆಗೆ ಲೆಕ್ಕ ನೋಡಿದರೆ, ಎರಡನೆಯ ಕಣ್ಣಿಗೆ ರೋಗ ತಗಲದೆ ಉಳಿದವರು ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು ೭೫. ಪಡೆಯದವರಲ್ಲಿ ಸುಮಾರು ೩೫. ಹೋದ ಕಣ್ಣಿಗಾಗಿ ಅಲ್ಲ, ಇರುವ ಕಣ್ಣಿಗಾಗಿ ಆ ಮಾತ್ರೆ.

ಈ ಅಂಕಿಗಳ ಮೇಲೆ ಒಂದು ಗಳಿಗೆ ಮನಸ್ಸನ್ನು ನಿಲ್ಲಿಸುವಂತೆ ವಾಚಕರನ್ನು ಪ್ರಾರ್ಥಿಸುತ್ತೇನೆ. ಔಷಧವಿಲ್ಲದಿದ್ದರೂ ೩೫ ಮಂದಿಗೆ ಏನೂ ಆಗುತ್ತಿರಲಿಲ್ಲ. ಔಷಧವಿದ್ದರೂ ೨೫ ಮಂದಿಯ ಎರಡನೆಯ ಕಣ್ಣಿಗೆ ರೋಗವು ದಾಟಿತು. ನಡುವಿನ ೪೦ ಮಂದಿಗೆ ಮಾತ್ರ ಔಷಧದಿಂದ ಉಪಕಾರವಾಯಿತು. ಆ ೪೦ ಮಂದಿ ಯಾರು? ಯಾರಿಗೂ ತಿಳಿಯದು. ಕಣ್ಣು ಉಳಿದ ೭೫ ಮಂದಿಯಲ್ಲಿ ಒಬ್ಬೊಬ್ಬನೂ "ನಾನು ಹೇಗೂ ಉಳಿಯುತ್ತಿದ್ದವನೇ" ಎಂದುಕೊಳ್ಳಬಹುದು. ಅವನಲ್ಲವೆಂದು ಸಾಧಿಸುವುದು ವೈದ್ಯನಿಗೆ ಅಸಾಧ್ಯ. ಉಪಕಾರವು ಆದದ್ದು ನಿಜ. ಆದರೆ ಅದಕ್ಕೆ ಸಾಕ್ಷಿಯಿಲ್ಲ, ಅದನ್ನು ಪಡೆದವನ ಹೆಸರಿಲ್ಲ. ಕ್ಷೇಮದ ಉಪಕಾರಗಳೆಲ್ಲಕ್ಕೂ ಇದೇ ಗತಿ.

ಯೋಗದ ಉಪಕಾರವು ಹೀಗಲ್ಲ. ನಮ್ಮ ನಾಡಿನಲ್ಲಿ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರನ್ನು ಕೇಳದ ಮನೆಗಳು ವಿರಳ. ೧೯೧೬ರಲ್ಲಿ ಹುಟ್ಟಿ ೨೦೦೫ರಲ್ಲಿ ಕಾಲವಾದ ಆ ಮಹನೀಯರು ಊರೂರಿಗೆ ಹೋಗಿ ಶಿಬಿರ ಹೂಡಿ, ಕಣ್ಣಿಗೆ ಪೊರೆ ಬಂದು ಕುರುಡರಾಗಿದ್ದ ಅಸಂಖ್ಯಾತ ಬಡವರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಸರ್ಕಾರವು ಅವರಿಗೆ ೧೯೫೬ರಲ್ಲಿ ಪದ್ಮಶ್ರೀಯನ್ನೂ ೧೯೬೮ರಲ್ಲಿ ಪದ್ಮಭೂಷಣವನ್ನೂ ಕೊಟ್ಟು ಗೌರವಿಸಿತು. ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖವನ್ನು ಕಂಡ ಅಜ್ಜಿಯು ಕೈಮುಗಿಯುವುದನ್ನು ಶಿಬಿರದ ಜನವೆಲ್ಲ ನೋಡುತ್ತದೆ. ಮುಂದಿನ ಶಿಬಿರಕ್ಕೆ ಹಣ ಕೊಡುವವರು ಆ ನೋಟದಿಂದಲೇ ಹುಟ್ಟುತ್ತಾರೆ. ಇಂತಹ ಕೆಲಸವನ್ನು ಕೀಳೆಂದು ಹೇಳುವ ಉದ್ದೇಶವು ನಮಗೆ ಎಳ್ಳಷ್ಟೂ ಇಲ್ಲ. ನಮ್ಮ ಅಭಿಪ್ರಾಯವಿಷ್ಟೇ: ಕಂಡದ್ದನ್ನು ಹೊಗಳುವುದು ಸುಲಭ, ಆಗದೆ ಹೋದ ಕೇಡು ಯಾರ ಕಣ್ಣಿಗೂ ಕಾಣುವುದಿಲ್ಲ. ಹೋಗದೆ ಉಳಿದ ಕಣ್ಣಿಗೆ ಯಾರೂ ಹಾರ ಹಾಕುವುದಿಲ್ಲ.

ಇಲ್ಲಿ ಮೂರು ಪೂರ್ವಪಕ್ಷಗಳು ಏಳುತ್ತವೆ. ಅವನ್ನು ಒಂದೊಂದಾಗಿ ವಿಚಾರಿಸುವುದು ನ್ಯಾಯ.

ಮೊದಲನೆಯದು: ಕೇಡು ಬರುತ್ತಿತ್ತೋ ಇಲ್ಲವೋ ನಿಶ್ಚಯವಿಲ್ಲದಿರುವಾಗ, ಅದನ್ನು ತಡೆದೆನೆಂಬ ಹೊಗಳಿಕೆಗೆ ಏನಾಧಾರ? ಔಷಧವು ವ್ಯರ್ಥವಾಗಿಯೂ ಇರಬಹುದಲ್ಲವೇ? ಈ ಆಕ್ಷೇಪಕ್ಕೆ ಕರ್ನಾಟಕದಲ್ಲಿಯೇ ಒಳ್ಳೆಯ ನಿದರ್ಶನವಿದೆ. ೨೦೦೬ರಲ್ಲಿ ಚಿಕುನ್‌ಗುನ್ಯಾ ಜ್ವರವು ದೇಶದಲ್ಲಿ ಹರಡಿದಾಗ ಶಂಕಿತ ರೋಗಿಗಳ ಎಣಿಕೆಯು ಸುಮಾರು ೧೩ ಲಕ್ಷ ೯೦ ಸಾವಿರವಾಗಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ ೭ ಲಕ್ಷ ೫೦ ಸಾವಿರಕ್ಕೂ ಮೀರಿ, ಕರ್ನಾಟಕದ್ದಾಗಿತ್ತು. ಜ್ವರ ಬಿಟ್ಟ ಮೇಲೆ ಕೆಲವರ ಕಣ್ಣು ಮಂಜಾಯಿತು. ಅವರ ಅಕ್ಷಿಪಟದ ಮೇಲೆ ಕಂಡ ಬಿಳಿಯ ಮಚ್ಚೆಗಳನ್ನೂ ಇತರ ನೇತ್ರವಿಕಾರಗಳನ್ನೂ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ೨೦೦೮ರಲ್ಲಿ ಲೋಕಕ್ಕೆ ವರದಿಮಾಡಿದರು. ಈ ಮಚ್ಚೆಗಳು ಹರ್ಪಿಸ್ ಕುಲದ ರೋಗವನ್ನು ಹೋಲುತ್ತವೆ. ಆದರೆ ಚಿಕುನ್‌ಗುನ್ಯಾ ವೈರಸ್ಸು ಬೇರೆಯ ಕುಲದ್ದು. ಅಸೈಕ್ಲೊವಿರನ್ನು ಎಚ್ಚರಗೊಳಿಸುವ ಕಿಣ್ವವು ಅದರಲ್ಲಿಲ್ಲ. ಅದರ ಮೇಲೆ ಈ ಔಷಧವು ನಡೆಯದು. ಅದಕ್ಕೆಂದೇ ಸಿದ್ಧವಾದ ವೈರಸ್ ನಿರೋಧಕ ಔಷಧವು ಇಂದಿಗೂ ಇಲ್ಲ. ಅನೇಕರಲ್ಲಿ ದೃಷ್ಟಿಯು ಕ್ರಮೇಣ ತಾನಾಗಿ, ಅಥವಾ ಉರಿಯೂತವನ್ನು ತಗ್ಗಿಸುವ ಔಷಧದಿಂದ, ಸುಧಾರಿಸಿತು.

ಹೀಗಿರುವಲ್ಲಿ, ಎರಡರಲ್ಲಿ ಯಾವುದೆಂದು ತಿಳಿಯದೆ ಹರ್ಪಿಸಿನ ಔಷಧವನ್ನು ಕೂಡಲೇ ಆರಂಭಿಸಿದ ವೈದ್ಯನು ತಪ್ಪಿದನೆ? ಕಣ್ಣಿನೊಳಗಿನ ನೀರನ್ನು ತೆಗೆದು ವೈರಸ್ಸಿನ ಕುರುಹನ್ನು ಪರೀಕ್ಷಿಸುವ ವಿಧಾನವಿದೆ. ಆದರೆ ಫಲ ಬರುವುದಕ್ಕೆ ಕಾಲ ಹಿಡಿಯುತ್ತದೆ. ಉಗ್ರರೋಗವಾದರೆ ಅದು ಕಾಯುವುದಿಲ್ಲ. ಆದುದರಿಂದ ಲಕ್ಷಣವು ಹೋಲಿದ ಕೂಡಲೇ ಔಷಧವನ್ನು ಮೊದಲುಮಾಡಿ, ಪರೀಕ್ಷೆಯ ಫಲ ಬಂದಮೇಲೆ ಮುಂದುವರಿಸುವುದೋ ನಿಲ್ಲಿಸುವುದೋ ನಿಶ್ಚಯಿಸಬೇಕೆಂಬುದು ನೇತ್ರವೈದ್ಯರ ಪದ್ಧತಿ. ಎರಡು ಕಡೆಯ ನಷ್ಟಗಳನ್ನು ತೂಗಿನೋಡಿದರೆ ಈ ಪದ್ಧತಿಯ ನ್ಯಾಯವು ಸ್ಪಷ್ಟವಾಗುತ್ತದೆ. ಔಷಧವು ವ್ಯರ್ಥವಾದರೆ ಹೋಗುವುದು ಸ್ವಲ್ಪ ಹಣ, ಕೆಲವು ದಿನಗಳ ತೊಂದರೆ. ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರಬೇಕಾದ ಎಚ್ಚರ. ತಡೆದು ಕುಳಿತದ್ದು ತಪ್ಪಾದರೆ ಹೋಗುವುದು ಮತ್ತೆಂದಿಗೂ ಬಾರದ ದೃಷ್ಟಿ. ಫಲವನ್ನು ನೋಡಿ ಕರ್ಮವನ್ನು ಅಳೆಯುವವನು ಇಲ್ಲಿ ಎಡವುತ್ತಾನೆ. ಮಾಡುವ ಕಾಲದಲ್ಲಿ ತಿಳಿದಿದ್ದುದು ಏನು, ಪಣವಾಗಿದ್ದುದು ಏನು, ಎಂಬುದರಿಂದಲೇ ಕರ್ಮವನ್ನು ಅಳೆಯಬೇಕು. ಒಬ್ಬನಲ್ಲಿ ಕಾಣಿಸದ ಉಪಕಾರವು ನೂರು ಮಂದಿಯ ಲೆಕ್ಕದಲ್ಲಿ ಕಾಣಿಸುತ್ತದೆ. ಸಾಕ್ಷಿಯಿಲ್ಲದ ಕ್ಷೇಮಕ್ಕೆ ಆ ಲೆಕ್ಕವೇ ಸಾಕ್ಷಿ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಕಠಿನವಾದುದು. ಆಯುಷ್ಯವೇ ಮುಗಿಯುತ್ತ ಬಂದವನ ಕಣ್ಣನ್ನು ಉಳಿಸಿ ಏನು ಪ್ರಯೋಜನ? ಗ್ಯಾನ್ಸಿಕ್ಲೊವಿರ್ ಬಂದ ಕಾಲದಲ್ಲಿ ಏಡ್ಸ್ ರೋಗಕ್ಕೆ ತಕ್ಕ ಚಿಕಿತ್ಸೆಯಿರಲಿಲ್ಲ. ಸೈಟೊಮೆಗಾಲೊ ವೈರಸ್ಸು ಕಣ್ಣನ್ನು ಹೊಕ್ಕಿತೆಂದರೆ ದೇಹದ ರಕ್ಷಣಶಕ್ತಿಯು ತಳ ಕಂಡಿತೆಂದೇ ಅರ್ಥ. ಅಂಥವರು ಇನ್ನು ಕೆಲವು ತಿಂಗಳು, ಬಹಳವೆಂದರೆ ಒಂದೆರಡು ವರ್ಷ, ಬದುಕುವರೆಂದು ವೈದ್ಯರು ಎಣಿಸುತ್ತಿದ್ದರು. ಔಷಧವೋ ದುಬಾರಿ, ಬಿಟ್ಟರೆ ರೋಗವು ಮರಳುತ್ತದೆ, ಜೀವವಿರುವವರೆಗೂ ಕೊಡುತ್ತಲೇ ಇರಬೇಕು. ಅಷ್ಟು ಕಷ್ಟಪಟ್ಟು ಕೆಲವು ತಿಂಗಳ ಬೆಳಕನ್ನು ಕೊಳ್ಳುವುದು ವಿವೇಕವೇ ಎಂದು ಕೇಳಬಹುದಾಗಿತ್ತು.

ಕೆಲವು ತಿಂಗಳ ಬೆಳಕೂ ಬೆಳಕೇ. ಸಾಯುವವನು ಕೊನೆಯ ದಿನಗಳಲ್ಲಿ ತನ್ನವರ ಮುಖಗಳನ್ನು ಕಾಣುವುದು ಅಲ್ಪವಾದ ಸಂಗತಿಯಲ್ಲ. ಆದರೆ ಇದಕ್ಕಿಂತ ಬಲವಾದ ಉತ್ತರವನ್ನು ಕಾಲವೇ ಕೊಟ್ಟಿತು. ೧೯೯೬ರ ಸುಮಾರಿಗೆ ಎಚ್‌ಐವಿಗೆ ಹಲವು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂತು. ಸಾವಿನ ಬಾಗಿಲಿನಲ್ಲಿದ್ದವರು ಎದ್ದು ಕುಳಿತರು. ರಕ್ಷಣಶಕ್ತಿಯು ಸಾಕಷ್ಟು ಮರಳಿ ಕೆಲವು ತಿಂಗಳು ನೆಲೆನಿಂತರೆ ಕಣ್ಣಿನ ಔಷಧವನ್ನೇ ನಿಲ್ಲಿಸಬಹುದೆಂದೂ ತಿಳಿದುಬಂತು. ೧೯೯೫ರಲ್ಲಿ ಒಬ್ಬ ವೈದ್ಯನು "ಇನ್ನು ಕೆಲವು ತಿಂಗಳಿಗಾಗಿ ಯಾಕೆ?" ಎಂದು ಕೈಬಿಟ್ಟಿದ್ದರೆ, ಆ ರೋಗಿಯು ಬದುಕಿ ಮುಂದಿನ ದಶಕಗಳನ್ನೆಲ್ಲ ಕತ್ತಲಲ್ಲಿ ಕಳೆಯಬೇಕಾಗುತ್ತಿತ್ತು. ಇನ್ನೊಬ್ಬರ ಆಯುಷ್ಯವನ್ನು ಅಳೆದು ಅದಕ್ಕೆ ತಕ್ಕಂತೆ ಉಪಕಾರವನ್ನು ಕತ್ತರಿಸುವ ಅಧಿಕಾರವು ನಮಗಿಲ್ಲ. ಅಳೆಯುವ ಕೋಲೇ ನಮ್ಮ ಕೈಯಲ್ಲಿಲ್ಲ.

ಭಾರತದಲ್ಲಿ ಎಚ್‌ಐವಿಯು ಮೊದಲು ಗೊತ್ತಾದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ೨೦೦೪ರ ಏಪ್ರಿಲ್ ೧ರಿಂದ ಸರ್ಕಾರವು ರೋಗವು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ, ಕರ್ನಾಟಕವೂ ಅವುಗಳಲ್ಲೊಂದು, ಎಚ್‌ಐವಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಆರಂಭಿಸಿ ಮುಂದೆ ಜಿಲ್ಲೆಗಳಿಗೂ ವಿಸ್ತರಿಸಿತು. ಜೀವವು ಉಳಿಯಿತು. ಆದರೆ ಕಣ್ಣಿನ ವಿಷಯದಲ್ಲಿ ಇಂತಹ ವೇಗವು ಲೋಕದಲ್ಲೆಲ್ಲಿಯೂ ಕಾಣಲಿಲ್ಲ. ವ್ಯಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಯು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯನ್ನು ಸೇರಿದ್ದು ೨೦೧೫ರಲ್ಲಿ. ಆ ಮಾತ್ರೆಯು ಬಂದು ಹದಿನಾಲ್ಕು ವರ್ಷಗಳಾದ ಮೇಲೆ. ಮಾತ್ರೆಯ ಬೆಲೆ ಹೆಚ್ಚಾಗಿರುವ ಕಡೆಗಳಲ್ಲಿ ಕಣ್ಣಿನೊಳಕ್ಕೆ ಸೂಜಿಯಿಂದ ಔಷಧ ಕೊಡುವುದೇ ರೂಢಿಯಾಯಿತು. ಅದು ಅಗ್ಗ, ಆ ಕಣ್ಣಿನ ಮಟ್ಟಿಗೆ ಗುಣವೂ ನಿಜ. ಆದರೆ ಇನ್ನೊಂದು ಕಣ್ಣಿಗೂ ದೇಹದ ಉಳಿದ ಭಾಗಕ್ಕೂ ಅದರಿಂದ ರಕ್ಷಣೆಯಿಲ್ಲ. ರೋಗವು ಕಂಡ ಕಣ್ಣಿಗೆ ಔಷಧ ಸಿಕ್ಕಿತು, ಕಾಣದ ಕಣ್ಣು ದಿಕ್ಕಿಲ್ಲದೆ ಉಳಿಯಿತು. ಲೋಕವು ಯೋಗವನ್ನು ಮೆಚ್ಚಿ ಕ್ಷೇಮವನ್ನು ಮರೆಯುವುದೆಂದು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ಹೆಚ್ಚಿನ ದೃಷ್ಟಾಂತವು ಬೇಕಿಲ್ಲ.

ಮೂರನೆಯ ಪೂರ್ವಪಕ್ಷವನ್ನು ಬಾಯಿಬಿಟ್ಟು ಹೇಳುವವರು ಕಡಮೆ, ಮನಸ್ಸಿನಲ್ಲಿಟ್ಟುಕೊಂಡವರು ಹೆಚ್ಚು: ಎಚ್‌ಐವಿಯಂತಹ ರೋಗವನ್ನು ತಾನಾಗಿ ತಂದುಕೊಂಡವನಿಗೆ ಊರಿನ ಹಣವೇಕೆ? ಇದಕ್ಕೆ, ಗಂಡನಿಂದ ರೋಗ ಪಡೆದ ಹೆಂಡತಿಯರನ್ನೂ ತಾಯಿಯಿಂದ ಪಡೆದ ಮಕ್ಕಳನ್ನೂ ತೋರಿಸಿ ಉತ್ತರ ಹೇಳುವವರುಂಟು. ಆ ಉತ್ತರವು ನಿಜವಾದರೂ ಸಾಲದು. ಏಕೆಂದರೆ ಅದು, ನಿರಪರಾಧಿಗೆ ಮಾತ್ರ ಕಣ್ಣು ಸಲ್ಲತಕ್ಕದ್ದೆಂಬ ಮಾತನ್ನು ಒಪ್ಪಿಕೊಂಡಂತಾಗುತ್ತದೆ. ಕೆರೆಯ ಏರಿಯು ಬಿರಿದಾಗ ಮಣ್ಣು ಹೊರುವವರು, ಕೆಳಗಿನ ಗದ್ದೆಗಳಲ್ಲಿ ಯಾವುದು ಸಜ್ಜನನದು, ಯಾವುದು ದುರ್ಜನನದು ಎಂದು ವಿಚಾರಿಸುವುದಿಲ್ಲ. ವೈದ್ಯನ ಕೈಯೂ ಹಾಗೆಯೇ ಇರಬೇಕು. ಎಚ್‌ಐವಿ ಇರುವವರನ್ನು ಚಿಕಿತ್ಸೆಯಲ್ಲಿ ಭೇದದಿಂದ ಕಾಣಕೂಡದೆಂದು ೨೦೧೭ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ಮಾಡಿತು. ಕಾನೂನು ಆಸ್ಪತ್ರೆಯ ಬಾಗಿಲನ್ನು ತೆರೆಯಿಸಬಲ್ಲದು. ಮನೆಯವರ ನಾಚಿಕೆಯನ್ನು ಬಿಡಿಸಲಾರದು. ಹೆಸರು ಹೊರಬೀಳುವುದೆಂಬ ಭಯದಿಂದ ಹತ್ತಿರದ ಆಸ್ಪತ್ರೆಯನ್ನು ಬಿಟ್ಟು ದೂರಕ್ಕೆ ಹೋಗುವವರ, ಅಥವಾ ಎಲ್ಲಿಗೂ ಹೋಗದೆ ಉಳಿಯುವವರ ಅಕ್ಷಿಪಟವು ಆ ಭಯದ ಕಾಲವನ್ನೆಲ್ಲ ತಾನು ಸಲ್ಲಿಸುತ್ತದೆ.

ಹಾಗಾದರೆ ಸಿದ್ಧಾಂತವೇನು? ಯೋಗ ಕ್ಷೇಮಗಳೆರಡರಲ್ಲಿ ಒಂದು ಯಾವಾಗಲೂ ಮೇಲೆಂದು ಹೇಳುವುದು ಹಟವಾದೀತು. ಆದರೆ ಕಳೆದುಹೋಗಬಹುದಾದ ವಸ್ತುವಿನ ಸ್ವಭಾವವನ್ನು ನೋಡಿದರೆ ಒಂದು ನಿಯಮವು ಹೊಳೆಯುತ್ತದೆ. ಮರಳಿ ತರಬಹುದಾದುದರಲ್ಲಿ ತಡವನ್ನು ಕ್ಷಮಿಸಬಹುದು; ಮರಳಿ ಬಾರದುದರಲ್ಲಿ ಕ್ಷೇಮವೇ ಮುಂದು. ಕಣ್ಣಿನ ಪೊರೆಯು ಸಾಮಾನ್ಯವಾಗಿ ಮುಂದಿನ ವರ್ಷದ ಶಿಬಿರದವರೆಗೆ ಕಾದಿರುತ್ತದೆ. ತೆಗೆದರೆ ದೃಷ್ಟಿಯು ಬರುತ್ತದೆ. ಅಕ್ಷಿಪಟವು ಮುಂದಿನ ವಾರದ ಸಂತೆಯವರೆಗೂ ಕಾಯದು. ಹಣವೂ ವೈದ್ಯರೂ ಸಾಕಷ್ಟಿಲ್ಲದ ದೇಶದಲ್ಲಿ ಯಾವುದಕ್ಕೆ ಮೊದಲು ಕೈಹಚ್ಚಬೇಕೆಂಬ ಪ್ರಶ್ನೆ ಬಂದಾಗ ಈ ನಿಯಮವು ದಾರಿ ತೋರಿಸುತ್ತದೆ. ನಮ್ಮ ಪದ್ಧತಿಗಳು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗಾಗಿವೆ. ಮಾಡಿದ ಶಸ್ತ್ರಚಿಕಿತ್ಸೆಗಳನ್ನು ಎಣಿಸಿ ವರದಿ ಬರೆಯುವುದು ಸುಲಭ. ಹೋಗದ ಕಣ್ಣುಗಳನ್ನು ಎಣಿಸುವ ಕಾಲಂ ಯಾವ ವರದಿಯಲ್ಲಿಯೂ ಇರುವುದು ಕಷ್ಟ.

ನಮ್ಮ ಪೂರ್ವಿಕರು ಇದನ್ನು ಅರಿಯದವರಾಗಿರಲಿಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟವಾಗಿ ೧೯೦೨ರಲ್ಲಿ ಪ್ರಕಟಿಸಿದರು. ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದ ಶಾಸನಗಳಿಗೆ ೧೮೮೯ರಲ್ಲಿಯೇ ಬೇರೊಂದು ಸಂಪುಟವು ಮೀಸಲಾಗಿತ್ತು. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯ ಭಾಗವು ಚೆನ್ನಾಗಿ ಪರಿಚಿತ. ಪರರು ಕೊಟ್ಟುದನ್ನು ಕಾಪಾಡುವುದು ತಾನು ಕೊಡುವುದಕ್ಕಿಂತಲೂ ಶ್ರೇಯಸ್ಕರವೆಂದೂ, ಕೊಟ್ಟವನು ಸ್ವರ್ಗವನ್ನು ಪಡೆದರೆ ಕಾಪಾಡಿದವನು ಅದಕ್ಕೂ ಮೇಲಿನ ಪದವಿಯನ್ನು ಪಡೆಯುವನೆಂದೂ ಅನೇಕ ಶಾಸನಗಳಲ್ಲಿ ಸಾರಿದ್ದಾರೆ. ಕೆರೆಯನ್ನು ಕಟ್ಟಿಸಿ ಸುಮ್ಮನಾಗದೆ, ಅದರ ಹೂಳೆತ್ತುವುದಕ್ಕೂ ಏರಿಯ ದುರಸ್ತಿಗೂ ಬಿತ್ತುವಟ್ಟವೆಂದು ಭೂಮಿಯ ಆದಾಯವನ್ನು ಬೇರೆಯಾಗಿ ಬಿಡುತ್ತಿದ್ದರು. ಕಟ್ಟಿದ ಒಡೆಯನ ಕೀರ್ತಿಯಷ್ಟೇ ಕಾಯುವ ನೀರುಗಂಟಿಯ ಅನ್ನವೂ ಅವರಿಗೆ ಮುಖ್ಯವಾಗಿತ್ತು. ಕ್ಷೇಮಕ್ಕೆ ಹೊಗಳಿಕೆಯು ತಾನಾಗಿ ಬಾರದೆಂಬುದನ್ನು ಬಲ್ಲ ಜನರಾದ್ದರಿಂದಲೇ, ಅದಕ್ಕೆ ಸ್ವರ್ಗಕ್ಕಿಂತ ಮೇಲಿನ ಪದವಿಯ ಆಸೆಯನ್ನೂ ನೆಲದ ಮೇಲಿನ ಆದಾಯವನ್ನೂ ಕೂಡಿಸಿ ಏರ್ಪಡಿಸಿದರೆಂದು ಊಹಿಸಬಹುದು.

ಈ ವಿಚಾರದಿಂದ ಗೃಹಸ್ಥರಾದ ನಮಗೆ ಸಲ್ಲತಕ್ಕ ಕರ್ತವ್ಯಗಳು ದೊಡ್ಡವೇನೂ ಅಲ್ಲ. ಮನೆಯಲ್ಲಿ ಯಾರಿಗಾದರೂ ಒಂದು ಕಣ್ಣು ಥಟ್ಟನೆ ಮಂಜಾದರೆ, ಕಣ್ಣಮುಂದೆ ಕರಿಯ ಚುಕ್ಕೆಗಳು ಹೊಸದಾಗಿ ಹಾರಾಡಿದರೆ, ಮಗ್ಗುಲಿನಿಂದ ಪರದೆ ಎಳೆದಂತಾದರೆ, ನೋವಿಲ್ಲವೆಂಬ ಸಮಾಧಾನದಿಂದ ತಡಮಾಡದೆ ಅಂದೇ ನೇತ್ರವೈದ್ಯರಿಗೆ ತೋರಿಸತಕ್ಕದ್ದು. ಪಾಪೆಯನ್ನು ಹನಿಯಿಂದ ಅಗಲಿಸಿ ಅಕ್ಷಿಪಟವನ್ನು ನೋಡುವ ಪರೀಕ್ಷೆಗೆ ಹೆಚ್ಚು ಹೊತ್ತು ಹಿಡಿಯದು. ಎಚ್‌ಐವಿಯಿಂದಾಗಲಿ ಅಂಗದ ಕಸಿಯಿಂದಾಗಲಿ ರಕ್ಷಣಶಕ್ತಿಯು ತೀರ ಕುಗ್ಗಿರುವವರಿಗೆ, ತೊಂದರೆಯೇನೂ ಕಾಣದಿದ್ದರೂ ಈ ಪರೀಕ್ಷೆಯನ್ನು ಮಾಡಿಸುವುದು ವಿಹಿತ. ಸೈಟೊಮೆಗಾಲೊ ರೋಗವು ಮೊದಲಿನಲ್ಲಿ ಯಾವ ಸೂಚನೆಯನ್ನೂ ಕೊಡದೆ ಇರಬಹುದು. ಇದು ಮೊದಲನೆಯದು. ವೈದ್ಯರು ಇಷ್ಟು ಕಾಲ ಮಾತ್ರೆ ನುಂಗಬೇಕೆಂದರೆ, ದೃಷ್ಟಿಯು ಬರಲಿಲ್ಲವೆಂದು ನಡುವೆ ಬಿಡದಂತೆ ರೋಗಿಗೆ ಒತ್ತಾಸೆಯಾಗಿರುವುದು ಎರಡನೆಯದು. ಇಲ್ಲಿ ವೈದ್ಯರ ಪಾಲೂ ಉಂಟು. "ಈ ಔಷಧದಿಂದ ಹೋದದ್ದು ಬರುವುದಿಲ್ಲ, ಇದ್ದದ್ದು ಹೋಗುವುದಿಲ್ಲ ಎನ್ನುವುದಕ್ಕಾಗಿ ಇದು" ಎಂದು ಮೊದಲ ದಿನವೇ ಬಿಡಿಸಿ ಹೇಳಿದರೆ, ಅರಕಲಗೂಡಿನ ರೈತನಿಗೆ ಅಂಗಮಾರಿಯ ಲೆಕ್ಕವು ತಾನೇ ನೆನಪಾಗುವುದು.

ಮೂರನೆಯದು ನಮ್ಮ ಸಂಘಸಂಸ್ಥೆಗಳಿಗೆ ಸೇರಿದ್ದು. ಹಾಸನದಲ್ಲಿ ೨೦೦೬ರಿಂದ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಬೆಂಗಳೂರಿಗೆ ನೇರವಾದ ರೈಲುಮಾರ್ಗವು ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮೂಲಕ ೨೦೧೭ರಲ್ಲಿ ಪೂರ್ಣವಾಯಿತು. ದಾರಿಯಿದೆ, ಆದರೆ ದಾರಿಯ ಖರ್ಚು, ಜೊತೆಗೆ ಬರುವವನ ಕೂಲಿ, ಮೂರು ತಿಂಗಳ ಮಾತ್ರೆ, ಇವುಗಳಿಗೆ ದಾತೃಗಳು ಅಪರೂಪ. ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಕೊಡುವ ಉದಾರಿಗಳು ತಮ್ಮ ದಾನದ ಒಂದು ಪಾಲನ್ನು, ಹೊಳೆನರಸೀಪುರದಿಂದಲೋ ಅರಕಲಗೂಡಿನಿಂದಲೋ ಮತ್ತೆ ಮತ್ತೆ ಆಸ್ಪತ್ರೆಗೆ ಹೋಗಿಬರಬೇಕಾದ ಒಬ್ಬ ಬಡವನ ಬಸ್ಸಿನ ಟಿಕೆಟ್ಟಿಗೂ ಮಾತ್ರೆಗೂ ಮೀಸಲಿಟ್ಟರೆ, ಅದು ಹಳೆಯ ಬಿತ್ತುವಟ್ಟವೇ ಆಗುತ್ತದೆ. ಅದರ ಫಲವನ್ನು ಅವರು ಕಾಣಲಾರರು. ಆ ಬಡವನೂ ಬಂದು ಕೈಮುಗಿಯುವನೆಂಬ ನಿಶ್ಚಯವಿಲ್ಲ. ತನಗೆ ಏನು ತಪ್ಪಿತೆಂಬುದು ಅವನಿಗೇ ತಿಳಿಯದು. ಅವನು ಒಂದೇ ಕಣ್ಣಿನಿಂದ ನೇಗಿಲ ಸಾಲನ್ನು ನೋಡುತ್ತ ತನ್ನ ಹೊಲದಲ್ಲಿ ಉಳುತ್ತಿರುತ್ತಾನೆ. ಕೊಟ್ಟವರಿಗೆ ಅಷ್ಟು ಸಾಕೆನ್ನಿಸುವುದಾದರೆ, ಯೋಗಕ್ಷೇಮವೆಂಬ ಮಾತಿನ ಉತ್ತರಾರ್ಧವನ್ನು ಅವರು ಅರಿತಂತಾಯಿತು.